ಡಾಕ್ಟರ್ ಲೆಸ್ಲಿ ಕೋಲ್ಮನ್: ಬೇಸಾಯಕ್ಕೆ ಬುದ್ಧಿ ಹೇಳಿದ ಮಹನೀಯರು

ಇತಿಹಾಸದ ವಿದ್ಯಾರ್ಥಿಗಳಾದ ನಾವು ರಾಯಚೂರು ದೋಆಬಿನ ಹೆಸರನ್ನು ಎಷ್ಟು ಸಲ ಕೇಳಿಲ್ಲ! ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ಎರೆನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ವಿಜಾಪುರದ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಸಂಗತಿಯನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅವರು ಕಾದಾಡಿದ್ದು ಯಾತಕ್ಕಾಗಿ ಎಂದು ಕೇಳಿಕೊಂಡರೆ, ಉತ್ತರ ಕೋಟೆಯಲ್ಲಿಲ್ಲ, ಕೋಟೆಯ ಹೊರಗಿನ ಹೊಲದಲ್ಲಿದೆ. ನೆಲವನ್ನು ಗೆದ್ದವರ ಹೆಸರು ಪುಸ್ತಕದಲ್ಲಿ ಉಳಿಯಿತು. ನೆಲದಿಂದ ಎರಡು ತುತ್ತು ಹೆಚ್ಚು ತೆಗೆಯುವುದು ಹೇಗೆಂದು ತಲೆ ಕೆಡಿಸಿಕೊಂಡವರ ಹೆಸರು ಮಾತ್ರ ಮರೆಯಾಯಿತು. ಅಂಥವರಲ್ಲಿ ಒಬ್ಬರಾದ ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಜೀವನವನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬರಿಗೆ ಕೃಷಿ ವಿಜ್ಞಾನಿಯ ಗೊಡವೆ ಏಕೆಂದು ಕೆಲವರಿಗೆ ಅನಿಸಬಹುದು. ಕಾರಣ ಇಷ್ಟೇ. ನಾನು ಮಾನವಿಯ ಕಡೆಯ ಒಂದು ಹಳ್ಳಿಯಿಂದ ಬಂದ ಒಕ್ಕಲಮನೆಯ ಮಗು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲ. ರಜೆಗೆ ಊರಿಗೆ ಹೋದಾಗ ಓಣಿಯ ಹಿರಿಯರು ನನ್ನನ್ನು ಕೇಳುವುದು ಕೃಷ್ಣದೇವರಾಯನ ವಿಷಯವನ್ನಲ್ಲ. ಹಿಂಗಾರಿಗೆ ಕಡಲೆ ಬಿತ್ತುವುದೋ ಜೋಳ ಬಿತ್ತುವುದೋ, ಮುಂಗಾರಿನ ಹೆಸರು ಕಿತ್ತ ಮೇಲೆ ಎರಡನೆಯ ಬೆಳೆಗೆ ಹಸಿ ಸಾಲುವುದೋ ಇಲ್ಲವೋ, ಕಾಲುವೆಯ ನೀರು ಈ ಸಲ ಕೊನೆಯವರೆಗೆ ಬಂದೀತೋ ಎಂಬುದನ್ನು. ಓದಿದವರಿಗೆ ಇವೆಲ್ಲ ಗೊತ್ತಿರಬೇಕೆಂಬುದು ಅವರ ಎಣಿಕೆ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ದೊರೆತ ಹೆಸರು ಕೋಲ್ಮನ್ ಅವರದು.

ಕೋಲ್ಮನ್ ಅವರು 1878ನೆಯ ಇಸವಿ ಜೂನ್ 16ರಂದು ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಬಳಿಕ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟ್ ಸಂಪಾದಿಸಿದರು. ಹಿಮ ಬೀಳುವ ನಾಡಿನಲ್ಲಿ ಹುಟ್ಟಿದವರು, ಯುರೋಪಿನ ಪ್ರಯೋಗಶಾಲೆಯಲ್ಲಿ ತರಬೇತಾದವರು. ಅವರ ಕರ್ಮಭೂಮಿ ಕನ್ನಡ ನಾಡಾದೀತೆಂದು ಆಗ ಯಾರು ತಾನೆ ಊಹಿಸಿದ್ದರು?

ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆ ಅದಾಗಲೇ ಮೊಳಕೆಯೊಡೆದಿತ್ತು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಸಮೀಪದ ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರಕ್ಕೆಂದು 30 ಎಕರೆ ಭೂಮಿಯನ್ನು ಕೊಟ್ಟಿದ್ದರು. ಅಡಾಲ್ಫ್ ಲೇಮನ್ ಎಂಬ ರಸಾಯನ ಶಾಸ್ತ್ರಜ್ಞರು ಅಲ್ಲಿ ಮಣ್ಣಿನ ಪರೀಕ್ಷೆಗಳನ್ನು ಆರಂಭಿಸಿದ್ದರು. 1908ರಲ್ಲಿ ಕೋಲ್ಮನ್ ಅವರು ಶಿಲೀಂಧ್ರ ಶಾಸ್ತ್ರ ಮತ್ತು ಕೀಟಶಾಸ್ತ್ರಗಳ ತಜ್ಞರಾಗಿ ಮೈಸೂರಿನ ಸೇವೆಗೆ ಸೇರಿದರು. ಆಗ ಅವರ ವಯಸ್ಸು 30. ಬೆಳೆಗೆ ತಗಲುವ ರೋಗವೇನು, ಹುಳು ಯಾವುದು, ಅದಕ್ಕೆ ಉಪಾಯವೇನು ಎಂದು ಹೇಳುವುದು ಅವರ ಕೆಲಸವಾಗಿತ್ತು.

ಅವರನ್ನು ಮೊದಲು ಎದುರಿಸಿದ್ದು ಮಲೆನಾಡಿನ ಅಡಿಕೆ ಬೆಳೆಗಾರರ ಸಂಕಟ. ಬಯಲುಸೀಮೆಯವರಾದ ನಮಗೆ ಕೊಳೆರೋಗದ ಭಯಂಕರತೆ ತಿಳಿಯದು. ಮುಂಗಾರಿನ ಜಡಿಮಳೆ ಹಿಡಿದಾಗ ಅಡಿಕೆಯ ಎಳೆಯ ಕಾಯಿಗಳ ಮೇಲೆ ನೀರಿನ ಕಲೆಯಂತೆ ಕಾಣಿಸಿಕೊಳ್ಳುವ ಈ ರೋಗ ದಿನಗಳೊಳಗಾಗಿ ಗೊನೆಯನ್ನೇ ಕೊಳೆಯಿಸಿ ಉದುರಿಸುತ್ತದೆ. ವರ್ಷದ ದುಡಿಮೆ ಮರದ ಬುಡದಲ್ಲಿ ಬಿದ್ದು ನಾರುತ್ತದೆ. ತೋಟಿಗರು ಅದಕ್ಕೆ ತಮ್ಮದೇ ಉಪಾಯವನ್ನು ಕಂಡುಕೊಂಡಿದ್ದರು. ಮಳೆಗಾಲಕ್ಕೆ ಮುಂಚೆ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆಹನಿ ತಾಗದಂತೆ ಕಾಯುವುದೇ ಆ ಉಪಾಯ. ಅದು ಅಜ್ಞಾನದ ಪದ್ಧತಿಯೇನೂ ಆಗಿರಲಿಲ್ಲ. ರೋಗ ಮಳೆನೀರಿನೊಂದಿಗೆ ಹಬ್ಬುತ್ತದೆಂಬ ಸತ್ಯವನ್ನು ಅವರು ಅನುಭವದಿಂದ ಅರಿತಿದ್ದರು. ಆದರೆ ತೋಟದ ಅಷ್ಟೂ ಗೊನೆಗಳಿಗೆ ಕೊಟ್ಟೆ ಕಟ್ಟುವುದೆಂದರೆ ಕೂಲಿಯೂ ಖರ್ಚೂ ಅಪಾರ.

ಕೋಲ್ಮನ್ ಅವರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಅದು ಮಳೆಯೊಂದಿಗೆ ಹೇಗೆ ಹರಡುತ್ತದೆಂಬುದನ್ನು ಪರಿಶೀಲಿಸಿದರು. 1910ರಲ್ಲಿ ಈ ವಿಷಯವಾಗಿ ಅವರ ವರದಿ ಪ್ರಕಟವಾಯಿತು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆಂದು 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅವರು ಅಡಿಕೆಗೆ ಅನ್ವಯಿಸಿದರು. ಗೊನೆಗಳ ಮೇಲೆ ಮಳೆಗಾಲಕ್ಕೆ ಮುಂಚೆಯೇ ಇದನ್ನು ಸಿಂಪಡಿಸಿದರೆ ತಾಮ್ರದ ತೆಳುವಾದ ಪೊರೆ ಕಾಯಿಯ ಮೇಲೆ ನಿಂತು, ಶಿಲೀಂಧ್ರದ ಬೀಜಕಣ ಮೊಳೆಯದಂತೆ ತಡೆಯುತ್ತದೆ. ರೋಗ ಬಂದಮೇಲೆ ಸಿಂಪಡಿಸಿದರೆ ಫಲ ಕಡಮೆ. ಬರುವ ಮುಂಚೆಯೇ ಕಾಪಾಡುವುದು ಇದರ ಮರ್ಮ. ಇಂದಿಗೂ ಮಲೆನಾಡಿನಲ್ಲಿ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣವನ್ನು ತಯಾರಿಸಿ, ಮಳೆಗೆ ಮುಂಚೆ ಒಮ್ಮೆ, ಸುಮಾರು ನಲವತ್ತು ದಿವಸಗಳ ನಂತರ ಮತ್ತೊಮ್ಮೆ ಸಿಂಪಡಿಸುತ್ತಾರೆ. ನೂರು ವರ್ಷ ಕಳೆದರೂ ಮಾತು ಉಳಿದಿದೆಯೆಂದರೆ ಆ ಸಲಹೆಯ ಬೆಲೆ ಎಷ್ಟೆಂದು ಊಹಿಸಬಹುದು.

ನಮ್ಮ ಸೀಮೆಗೆ ಹತ್ತಿರವಾದ ಇನ್ನೊಂದು ಸಂಗತಿಯುಂಟು. ಜೋಳದ ಹೊಲಗಳಿಗೆ ಬೀಳುವ ದಕ್ಖನ್ನಿನ ಮಿಡತೆಯನ್ನು ಕೋಲ್ಮನ್ ಅವರೂ ಅವರ ಸಹಾಯಕರಾಗಿದ್ದ ಕುಂಞಿ ಕಣ್ಣನ್ ಅವರೂ ಕೂಡಿ ಅಭ್ಯಾಸಮಾಡಿದರು. 1910ರಲ್ಲಿ ಆ ಕೀಟಕ್ಕೆ ಶಾಸ್ತ್ರೀಯ ನಾಮಕರಣವಾದಾಗ ಅದರ ಕುಲದ ಹೆಸರು ಕೋಲ್ಮನ್ ಅವರ ಹೆಸರಿನಿಂದಲೇ ಕೋಲ್ಮೇನಿಯ ಎಂದಾಯಿತು. ಈ ಮಿಡತೆಗೆ ರೆಕ್ಕೆಯಿಲ್ಲ. ಮೊಟ್ಟೆಗಳು ಮಣ್ಣಿನೊಳಗಿದ್ದು ಮುಂಗಾರಿನ ಮಳೆ ಬಿದ್ದಾಗ ಮರಿಯಾಗುತ್ತವೆ. ಹಾರಲಾರದ ಹುಳುವಾದ ಕಾರಣ ಮರಿಗಳು ಸಣ್ಣವಿರುವಾಗಲೇ ಹೊಲದ ಮೇಲೆ ಬಲೆಚೀಲಗಳನ್ನು ಎಳೆದು ಹಿಡಿಯಬಹುದು, ನೆಲವನ್ನು ಉತ್ತು ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡಬಹುದು. ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಹಣವಿಲ್ಲದ ರೈತನೂ ಮಾಡಬಹುದಾದ ಉಪಾಯವನ್ನು ಅವರು ಹುಡುಕಿದರು. ಹುಳುವಿನ ಬಾಳನ್ನು ಚೆನ್ನಾಗಿ ತಿಳಿದರೆ ಅದರ ದುರ್ಬಲವಾದ ಗಳಿಗೆ ಯಾವುದೆಂದು ಗೊತ್ತಾಗುತ್ತದೆ, ಆ ಗಳಿಗೆಯಲ್ಲಿ ಸಣ್ಣ ಪ್ರಯತ್ನವೂ ದೊಡ್ಡ ಫಲ ಕೊಡುತ್ತದೆ. ಬೆಳೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ.

1913ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆ ರೂಪುಗೊಂಡಾಗ ಕೋಲ್ಮನ್ ಅವರೇ ಅದರ ಮೊದಲ ನಿರ್ದೇಶಕರಾದರು. ಸರ್ ಎಂ. ವಿಶ್ವೇಶ್ವರಯ್ಯನವರು ಆಗ ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು. ಒಕ್ಕಲು ಮಕ್ಕಳಿಗೆ ಬೇಸಾಯವನ್ನೇ ವಿದ್ಯೆಯಾಗಿ ಕಲಿಸಬೇಕೆಂಬ ಆ ಶಾಲೆ 1946ರಲ್ಲಿ ಕಾಲೇಜಾಯಿತು. ಮುಂದೆ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ತಾಯಿಬೇರು ಈ ಹೆಬ್ಬಾಳವೇ ಆಗಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ, ನಮ್ಮ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ಬಂದವು.

ಇಲಾಖೆಯ ಮುಖ್ಯಸ್ಥರಾದ ಮೇಲೂ ಅವರು ಸಂಶೋಧನೆಯನ್ನು ಬಿಡಲಿಲ್ಲ. ಬಡವರ ಅನ್ನವಾದ ರಾಗಿಯನ್ನು ಆ ಕಾಲದ ವಿಜ್ಞಾನಿಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೋಲ್ಮನ್ ಅವರ ಇಲಾಖೆ ಅದನ್ನು ಕೈಗೆತ್ತಿಕೊಂಡು, ಒಳ್ಳೆಯ ತೆನೆಗಳನ್ನು ಆಯ್ದು ಪ್ರತ್ಯೇಕವಾಗಿ ಬೆಳೆಸಿ, 1918ರಲ್ಲಿ ಎಚ್ 22 ಎಂಬ ತಳಿಯನ್ನು ರೈತರಿಗೆ ಕೊಟ್ಟಿತು. 1920ರಲ್ಲಿ ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಕೋಲ್ಮನ್ ಅವರ ಬರಹ ಹೊರಬಿತ್ತು. ಈ ಮಾರ್ಗದಲ್ಲಿ ಮುಂದೆ ಮಂಡ್ಯದಲ್ಲಿ ದುಡಿದು, ಆಫ್ರಿಕದ ರಾಗಿಯೊಂದಿಗೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದ ಲಕ್ಷ್ಮಣಯ್ಯನವರು ರಾಗಿ ಲಕ್ಷ್ಮಣಯ್ಯ ಎಂದೇ ಪ್ರಖ್ಯಾತರಾದರು. ಕಾಫಿ ಬೆಳೆಗಾರರಿಗಾಗಿ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಪ್ರಯೋಗ ಕೇಂದ್ರ ಏರ್ಪಟ್ಟದ್ದರಲ್ಲಿಯೂ ಕೋಲ್ಮನ್ ಅವರ ಪಾತ್ರ ಪ್ರಧಾನವಾದದ್ದು. ಶ್ರೀಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗವನ್ನೂ ಅವರು ಅಭ್ಯಾಸಮಾಡಿದ್ದರು.

1925ರಲ್ಲಿ ಅವರು ಕೆಲಸ ಬಿಟ್ಟು ಸ್ವದೇಶಕ್ಕೆ ಮರಳಿ ಟೊರಾಂಟೊ ವಿಶ್ವವಿದ್ಯಾಲಯವನ್ನು ಸೇರಿದರು. ವಿದ್ವತ್ತಿಗೆ ತಕ್ಕ ಸ್ಥಾನ, ಹುಟ್ಟಿದ ನಾಡಿನ ಹವೆ, ಎಲ್ಲವೂ ಅಲ್ಲಿದ್ದವು. ಆದರೂ 1928ರಲ್ಲಿ ಮತ್ತೆ ಮೈಸೂರಿಗೆ ಬಂದು ಅದೇ ಹುದ್ದೆಯನ್ನು ವಹಿಸಿಕೊಂಡರು. ಎರಡನೆಯ ಬಾರಿ ಬಂದಾಗ ಅವರ ಮುಂದಿದ್ದ ಕೆಲಸ ನಮ್ಮ ಜಿಲ್ಲೆಯವರು ಕಿವಿಗೊಟ್ಟು ಕೇಳಬೇಕಾದದ್ದು.

ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆ ಆಗ ಮುಗಿಯುತ್ತ ಬಂದಿತ್ತು. ಅದರ ನೀರನ್ನು ಮಂಡ್ಯದ ಬಯಲಿಗೆ ಒಯ್ಯುವ ದೊಡ್ಡ ಕಾಲುವೆ ಸಿದ್ಧವಾಗುತ್ತಿತ್ತು. ಮೊದಲು ಇರ್ವಿನ್ ಕಾಲುವೆಯೆಂದು ಹೆಸರಾಗಿದ್ದ ಅದನ್ನು ಮುಂದೆ ವಿಶ್ವೇಶ್ವರಯ್ಯ ಕಾಲುವೆ ಎಂದು ಕರೆದರು. ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಿದ್ದ ಒಣಭೂಮಿಗೆ ಹಠಾತ್ತನೆ ನೀರು ಬಂದರೆ ಏನಾಗುತ್ತದೆ? ರೈತನಿಗೆ ನೀರಾವರಿ ಬೇಸಾಯ ಹೊಸದು. ಎಲ್ಲರೂ ಬತ್ತವನ್ನೇ ಹಾಕಿದರೆ ಕಾಲುವೆಯ ತಲೆಯಲ್ಲಿರುವವರಿಗೆ ನೀರು ಮಿಕ್ಕಿ ಹರಿದು ನೆಲ ಜವುಗಾಗುತ್ತದೆ, ಕೊನೆಯವರಿಗೆ ಹನಿಯೂ ದೊರೆಯುವುದಿಲ್ಲ.

ವಿಶ್ವೇಶ್ವರಯ್ಯನವರು ಮುಂಚೆ ಮುಂಬಯಿ ಪ್ರಾಂತ್ಯದ ಕಾಲುವೆಗಳಲ್ಲಿ ಬ್ಲಾಕ್ ಪದ್ಧತಿ ಎಂಬ ಏರ್ಪಾಡನ್ನು ಯೋಚಿಸಿದ್ದರು. ಅದರ ಸಾರ ಹೀಗಿದೆ. ಕಾಲುವೆಯ ಕೆಳಗಿನ ಜಮೀನನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಹೆಚ್ಚು ನೀರಿನ ಬೆಳೆ, ಉಳಿದ ಭಾಗಗಳಲ್ಲಿ ಕಡಮೆ ನೀರಿನ ಬೆಳೆ ಇಟ್ಟು, ವರ್ಷ ವರ್ಷಕ್ಕೂ ಸರದಿಯಂತೆ ಬದಲಿಸುತ್ತ ಹೋಗಬೇಕು. ನೀರು ಒಂದೇ ಹಳ್ಳಿಯ ಸೊತ್ತಾಗದೆ ಅನೇಕ ಹಳ್ಳಿಗಳಿಗೆ ಹಂಚಿಕೆಯಾಗುತ್ತದೆ. ಮಂಡ್ಯದಲ್ಲಿ ಕಬ್ಬು, ಬತ್ತ, ಅರೆನೀರಾವರಿಯ ಪೈರು ಎಂದು ಮೂರು ವರ್ಷಗಳ ಸರದಿಯನ್ನು ರೂಪಿಸಿದರು. ಇಂಥ ಏರ್ಪಾಡು ಕಾಗದದ ಮೇಲೆ ಸುಲಭ. ಯಾವ ಬೆಳೆಗೆ ಎಷ್ಟು ನೀರು, ಯಾವುದರ ಹಿಂದೆ ಯಾವುದನ್ನು ಹಾಕಿದರೆ ನೆಲ ಕೆಡದು ಎಂಬುದನ್ನು ಹೇಳಬೇಕಾದವನು ಬೇಸಾಯ ತಜ್ಞ. ಅದಕ್ಕಾಗಿಯೇ 1931ರಲ್ಲಿ ಮಂಡ್ಯದ ಬಳಿ ಪ್ರಯೋಗ ಕ್ಷೇತ್ರವನ್ನು ಸ್ಥಾಪಿಸಿದರು. ಅದೇ ಇಂದಿನ ವಿ. ಸಿ. ಫಾರಂ. ಬೆಳೆದ ಕಬ್ಬಿಗೆ ಕೊಳ್ಳುವವರು ಬೇಕಲ್ಲವೆ? 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಆಗ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರ ಪ್ರೋತ್ಸಾಹ ಒಂದು ಕಡೆಗಾದರೆ, ಆ ಯೋಜನೆಯ ಹಿಂದೆ ಕೋಲ್ಮನ್ ಅವರ ದುಡಿಮೆ ಇನ್ನೊಂದು ಕಡೆಗಿತ್ತು. ನೀರು, ಬೀಜ, ಸಲಹೆ, ಮಾರುಕಟ್ಟೆ, ಈ ನಾಲ್ಕೂ ಒಟ್ಟಿಗೆ ನಡೆದರೆ ಮಾತ್ರ ರೈತನ ಕೈಗೆ ಕಾಸು ಸೇರುತ್ತದೆಂಬುದಕ್ಕೆ ಮಂಡ್ಯ ಒಂದು ನಿದರ್ಶನವಾಯಿತು.

1934ರಲ್ಲಿ ಕೋಲ್ಮನ್ ಅವರು ನಿವೃತ್ತರಾಗಿ ಕೆನಡಾಕ್ಕೆ ಹಿಂತಿರುಗಿದರು. 1954ನೆಯ ಇಸವಿ ಸಪ್ಟೆಂಬರ್ 14ರಂದು ಅಲ್ಲಿಯೇ ತೀರಿಕೊಂಡರು. ಕನ್ನಡ ನಾಡಿನಲ್ಲಿ ಅವರು ಕಳೆದದ್ದು, ಮಧ್ಯದ ಮೂರು ವರ್ಷಗಳನ್ನು ಬಿಟ್ಟರೆ, ಇಪ್ಪತ್ತುಮೂರು ವರ್ಷಗಳಷ್ಟು ಕಾಲ.

ಮಹನೀಯರ ಚರಿತ್ರೆಯನ್ನು ಬರೆಯುವಾಗ ಎಲ್ಲವನ್ನೂ ಚಿನ್ನದ ತಗಡಿನಲ್ಲಿ ಸುತ್ತಿ ಇಡುವುದು ನಮ್ಮಲ್ಲಿ ವಾಡಿಕೆ. ಅದು ಅವರಿಗೂ ಗೌರವವಲ್ಲ, ನಮಗೂ ಉಪಯೋಗವಿಲ್ಲ. ಮಂಡ್ಯದ ಸರದಿಯ ನಿಯಮ ಬಹುಕಾಲ ಉಳಿಯಲಿಲ್ಲ. ಕಬ್ಬು ಬತ್ತಗಳ ಆಸೆ ಬಲವಾಗಿ, ಕಡಮೆ ನೀರಿನ ಬೆಳೆಗಳು ಹಿಂದೆ ಸರಿದವು. ಮಳವಳ್ಳಿಯ ಕಡೆಯ ಕೊನೆಯ ಭಾಗದ ರೈತರು ನೀರಿಗಾಗಿ ಪರದಾಡುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ತಜ್ಞನು ಒಳ್ಳೆಯ ನಿಯಮ ಮಾಡಬಲ್ಲ. ಅದನ್ನು ತಲೆಮಾರುಗಳವರೆಗೆ ನಡೆಸಿಕೊಂಡು ಹೋಗುವುದು ಊರವರ ಒಮ್ಮತವಿಲ್ಲದೆ ಸಾಧ್ಯವಿಲ್ಲ. ಕೋಲ್ಮನ್ ಅವರ ಕಾರ್ಯದಲ್ಲಿ ಅಪೂರ್ಣವಾಗಿ ಉಳಿದದ್ದು ಇದೇ ಎಂದು ನನಗೆ ತೋರುತ್ತದೆ.

ಈಗ ನಮ್ಮ ರಾಯಚೂರಿನ ಕಡೆಗೆ ದೃಷ್ಟಿ ಹೊರಳಿಸೋಣ. ಕೋಲ್ಮನ್ ಅವರ ಕಾಲದಲ್ಲಿ ನಾವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದೆವು. ಮೈಸೂರಿನ ಇಲಾಖೆಯ ಕೈ ಇಲ್ಲಿಗೆ ಚಾಚುವಂತಿರಲಿಲ್ಲ. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಆ ವಿದ್ಯೆಯಲ್ಲಿ ನಮಗೂ ಪಾಲು ದೊರೆಯಿತು. ಅಷ್ಟರೊಳಗೆ, 1953ರಲ್ಲಿಯೇ, ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತ್ತು. ಅದರ ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನವಿ, ರಾಯಚೂರುಗಳವರೆಗೆ ಬರುತ್ತದೆ. ಈ ಕಾಲುವೆಯನ್ನು ಯೋಜಿಸಿದಾಗ ಹೆಚ್ಚಿನ ಭೂಮಿಯಲ್ಲಿ ಜೋಳ, ಹತ್ತಿ, ಶೇಂಗಾಗಳಂಥ ಹಗುರ ನೀರಾವರಿಯ ಬೆಳೆಗಳನ್ನೇ ಬೆಳೆಯಬೇಕೆಂದಿತ್ತು. ಬರಗಾಲದ ಸೀಮೆಯಲ್ಲಿ ಬಹಳ ಜನರಿಗೆ ಸ್ವಲ್ಪ ಸ್ವಲ್ಪ ನೀರು ದೊರೆಯಲಿ ಎಂಬುದು ಆ ಯೋಜನೆಯ ತಿರುಳು. ನಡೆದದ್ದು ಬೇರೆ. ಮೇಲ್ಭಾಗದಲ್ಲಿ ಬತ್ತ ಹರಡಿತು. ಬತ್ತದ ಗದ್ದೆಯಿಂದ ಊರುಗಳು ಬೆಳೆದವು, ಅಕ್ಕಿ ಗಿರಣಿಗಳು ಎದ್ದವು, ಸಾವಿರಾರು ಕುಟುಂಬಗಳಿಗೆ ಅನ್ನ ದೊರೆಯಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕಾಲುವೆಯ ಕೊನೆಯಲ್ಲಿರುವವರ ಪಾಲಿಗೆ ಕಾಲುವೆಯೆಂಬುದು ಅನೇಕ ವರ್ಷ ಬರಿಯ ಮಣ್ಣಿನ ಗುಂಡಿಯಾಗಿ ಉಳಿಯಿತು. ಹೂಳು ತುಂಬಿ ಜಲಾಶಯದ ಧಾರಣಶಕ್ತಿ 133 ಟಿ.ಎಂ.ಸಿ.ಯಿಂದ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ ಒಂದು ಗೇಟೇ ಕೊಚ್ಚಿಹೋಯಿತು. ಇರುವ ನೀರು ಕಡಮೆ, ಬೇಡುವ ಬಾಯಿ ಹೆಚ್ಚು. ದೇವದುರ್ಗದ ಕಡೆಗೆ ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆ ಕಾಲುವೆಯಿಂದ ಬರುತ್ತದೆ. ಅಲ್ಲಿಯೂ ತಲೆ ಮತ್ತು ಬಾಲಗಳ ವ್ಯತ್ಯಾಸ ಇದ್ದೇ ಇದೆ.

ನಮ್ಮ ಹೊಲ ಬಾಲದ ಕಡೆಯದು. ನೀರು ಬಾರದ ವರ್ಷ ಊರಿನ ಅರ್ಧ ಜನ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ನನ್ನ ಜೊತೆಗೆ ಪ್ರಾಥಮಿಕ ಶಾಲೆಯಲ್ಲಿ ಕುಳಿತವರಲ್ಲಿ ಹಲವರು ಹಾಗೆಯೇ ಶಾಲೆ ಬಿಟ್ಟರು. ಆದಕಾರಣ ಎರಡು ಬೆಳೆಯ ಪ್ರಶ್ನೆ ನನಗೆ ಪಠ್ಯದ ಪ್ರಶ್ನೆಯಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುವ ಮನೆಯ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ಒಂದೇ ಬೆಳೆಯನ್ನು ನಂಬಿದ ಮನೆಯ ಮಕ್ಕಳು ಗುಳೆಯ ಲಾರಿ ಹತ್ತುತ್ತಾರೆ.

ಹಾಗಾದರೆ ಒಂದೇ ವರ್ಷದಲ್ಲಿ ಒಂದೇ ಹೊಲದಿಂದ ಎರಡು ಬೆಳೆ ತೆಗೆಯುವ ಮಾರ್ಗವೇನು? ಈ ವಿಷಯದಲ್ಲಿ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರು ನಮಗೆ ದಾರಿ ತೋರಿಸಿದ್ದಾರೆ. ಕೋಲ್ಮನ್ ಅವರ ಕಾಲದಲ್ಲಿ ನಮ್ಮ ರೈತನ ಬೆಳೆಯೇ ಆಗಿರದಿದ್ದ ಸೋಯಾ ಅವರೆಯನ್ನು ಅಲ್ಲಿ ಮುಂಗಾರಿಗೆ ಬಿತ್ತುತ್ತಾರೆ. ಜೂನಿನಲ್ಲಿ ಬಿತ್ತಿದ ಅದು ತೊಂಬತ್ತರಿಂದ ನೂರು ದಿವಸಗಳಲ್ಲಿ ಕಟಾವಿಗೆ ಬರುತ್ತದೆ. ಆ ಮೇಲೆ ಹಿಂಗಾರಿಗೆ ಕಡಲೆ, ನೀರಿನ ಅನುಕೂಲವುಳ್ಳವರು ಗೋಧಿ. ಸೋಯಾ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಆ ಬೆಳೆಗೆ ಒದಗಿಸುತ್ತವೆ. ಆದುದರಿಂದ ಅದು ನೆಲದ ಸಾರಜನಕವನ್ನು ಜೋಳದಷ್ಟು ಹೀರುವುದಿಲ್ಲ, ಉದುರಿದ ಎಲೆಯೂ ಬೇರೂ ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ. ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಎಂಬ ಜೀವಾಣು ಗೊಬ್ಬರವನ್ನು ಲೇಪಿಸಬೇಕೆನ್ನುವುದು ಇದಕ್ಕಾಗಿಯೇ. ಸೋಯಾ ಬೀಜದ ಸಿಪ್ಪೆ ತೆಳು. ಮೂಟೆಗಳನ್ನು ಎತ್ತಿ ಒಗೆದರೆ ಸಾಕು, ಮೊಳಕೆ ಕೆಡುತ್ತದೆ. ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನೋಡಿ, ಎಪ್ಪತ್ತಾದರೂ ಮೊಳೆತರೆ ಬಿತ್ತತಕ್ಕದ್ದು. ಇದಕ್ಕೆ ಖರ್ಚಿಲ್ಲ, ಓದೂ ಬೇಕಿಲ್ಲ.

ಗೋಧಿಯ ಗುಣ ಬೇರೆ. ಅದು ಚಳಿಯ ಪೈರು. ನಮ್ಮಲ್ಲಿ ಚಳಿಗಾಲ ಚಿಕ್ಕದು. ನೀರಾವರಿಯ ಗೋಧಿಯನ್ನು ನವೆಂಬರಿನ ಮೊದಲ ಪಕ್ಷದೊಳಗೆ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಇನ್ನೂ ತಂಪಿರುತ್ತದೆ. ತಡವಾದಷ್ಟೂ ಬಿಸಿಲಿಗೆ ಸಿಕ್ಕಿ ಕಾಳು ಜೊಳ್ಳಾಗುತ್ತದೆ. ಬಿತ್ತಿದ ಸುಮಾರು ಇಪ್ಪತ್ತೊಂದನೆಯ ದಿವಸ ಮುಕುಟ ಬೇರು ಹೊರಡುವ ಕಾಲ. ಬೇರಾವ ನೀರು ತಪ್ಪಿದರೂ ಆಗ ಕೊಡುವ ನೀರು ತಪ್ಪಬಾರದು. ರಾಯಚೂರಿನ ಸುಡುಬಿಸಿಲಿಗೆ ಗೋಧಿ ಎಲ್ಲ ಕಡೆ ಒಗ್ಗಲಾರದು. ನಮ್ಮ ಎರೆಗೆ ಒಗ್ಗುವ ಜೋಡಿ ಬೇರೆಯಿದೆ. ಜೂನಿನಲ್ಲಿ ಹೆಸರು ಬಿತ್ತಿದರೆ ಅರವತ್ತೈದು ಎಪ್ಪತ್ತು ದಿವಸಗಳಲ್ಲಿ, ಆಗಸ್ಟ್ ಮುಗಿಯುವುದರೊಳಗೆ, ಹೊಲ ತೆರವಾಗುತ್ತದೆ. ಸಪ್ಟೆಂಬರಿನ ಮಳೆಯ ಹಸಿಯನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಜೋಳ ಅಥವಾ ಕಡಲೆಯನ್ನು ಬಿತ್ತಬಹುದು. ಎರೆಮಣ್ಣು ನೀರನ್ನು ಹಿಡಿದಿಡುವ ಹಗೇವಿನಂತೆ. ಕಾಲುವೆಯ ನೀರು ಒಂದೆರಡು ಸಲ ಬಂದರೂ ಜೋಳಕ್ಕೆ ಸಾಕು. ಬತ್ತಕ್ಕಾದರೆ ಅದು ಯಾತಕ್ಕೂ ಸಾಲದು.

ಜೋಡಿ ಯಾವುದಾದರೂ ಸರಿ, ತತ್ತ್ವ ಒಂದೇ. ಮೊದಲ ಬೆಳೆ ಬೇಗ ಮುಗಿಯಬೇಕು, ಹೋಗುವಾಗ ನೆಲಕ್ಕೆ ಏನನ್ನಾದರೂ ಬಿಟ್ಟುಹೋಗಬೇಕು. ಎರಡನೆಯದು ಉಳಿದ ಹಸಿಯಲ್ಲಿ, ಸರಿಯಾದ ವಾರದಲ್ಲಿ ನೆಲಕ್ಕೆ ಬೀಳಬೇಕು. ಕೊಳೆರೋಗಕ್ಕೆ ಮಳೆಗೆ ಮುಂಚೆ ಔಷಧಿ, ಮಿಡತೆಗೆ ಮರಿಯಿರುವಾಗ ಬಲೆ, ಕಾಲುವೆಗೆ ಬಿತ್ತುವ ಮುಂಚೆ ಸರದಿಯ ನಿರ್ಣಯ. ಕೋಲ್ಮನ್ ಅವರ ಒಟ್ಟು ಜೀವನದ ಪಾಠವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಬೇಸಾಯದಲ್ಲಿ ಸಲಹೆ ಎಷ್ಟು ಒಳ್ಳೆಯದೆನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಮುಟ್ಟಿತೆನ್ನುವುದು ಮುಖ್ಯ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ದೇವದುರ್ಗದ ಒಳಹಳ್ಳಿಗೆ ಇರುವ ದೂರ ಮೈಲಿಗಳಲ್ಲಿ ಹೆಚ್ಚಲ್ಲ. ಆದರೂ ಸಲಹೆ ಆ ದೂರವನ್ನು ದಾಟುವಷ್ಟರಲ್ಲಿ ಹಂಗಾಮು ಮುಗಿದಿರುವುದುಂಟು. ಅದನ್ನು ಓದಿ ತಿಳಿದು, ಆಡುಮಾತಿನಲ್ಲಿ ಹೇಳಿ, ಹಿರಿಯರ ಅನುಭವದೊಂದಿಗೆ ತೂಗಿನೋಡುವ ಜನ ನಡುವೆ ಬೇಕು.

ಆ ಜನ ಯಾರು? ನಾವೇ ಅಲ್ಲವೆ? ನಮ್ಮಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದಲೇ ಬಂದವರು. ಪದವಿ ಪಡೆದು ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವುದರಲ್ಲಿ ತಪ್ಪೇನಿಲ್ಲ. ನಾನೂ ಹಾಕುವವರಲ್ಲಿ ಒಬ್ಬ ಅಭ್ಯರ್ಥಿಯೇ. ಆದರೆ ಓದು ಕಲಿತ ಕೂಡಲೇ ಹೊಲದ ಮಾತು ನಮಗೆ ಸೇರಿದ್ದಲ್ಲವೆಂದು ಭಾವಿಸುವುದು ಮಾತ್ರ ಸಲ್ಲದು. ಕೋಲ್ಮನ್ ಅವರು ಸಾವಿರಾರು ಮೈಲಿ ದೂರದಿಂದ ಬಂದು ಮಲೆನಾಡಿನ ಮಳೆಯಲ್ಲಿ ಕೊಳೆತ ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿದರು. ನಮ್ಮ ಊರಿನ ಹೊಲ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ನೀರಿನ ಸರದಿಯ ಸಭೆ ಊರಿನಲ್ಲಿ ಕೂಡಿದಾಗ ಲೆಕ್ಕ ಬರೆಯಬಲ್ಲವರು, ನಿಯಮ ಓದಬಲ್ಲವರು, ತಲೆಯ ಊರಿನವರೊಂದಿಗೆ ಜಗಳವಾಡದೆ ಮಾತನಾಡಬಲ್ಲವರು ಒಬ್ಬರಾದರೂ ಇದ್ದರೆ ಸಭೆಯ ಸ್ವರೂಪವೇ ಬದಲಾಗುತ್ತದೆ. ಮಂಡ್ಯದಲ್ಲಿ ಉಳಿಯದೆ ಹೋದ ಒಮ್ಮತವನ್ನು ನಾವು ಇಲ್ಲಿ ಕಟ್ಟಿಕೊಳ್ಳಲು ಸಾಧ್ಯವಾದರೆ, ಅದಕ್ಕೆ ಕೃಷಿಯ ಪದವಿ ಬೇಕಾಗಿಲ್ಲ, ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಕಲಿತವರೇ ಸಾಕು.

ಈ ಬೇಸಿಗೆಗೆ ನಮ್ಮ ಅಂತಿಮ ವರ್ಷದ ಪರೀಕ್ಷೆಗಳು ಮುಗಿಯುತ್ತವೆ. ಮುಗಿದ ಕೆಲವೇ ವಾರಗಳಿಗೆ ರೋಹಿಣಿ ಮಳೆಯ ಕಾಲ. ಹೆಸರು ಬಿತ್ತುವವರು ಆಗಲೇ ಬೀಜ ಹಸನುಮಾಡಿಕೊಂಡಿರುತ್ತಾರೆ. ಫಲಿತಾಂಶ ಬರುವವರೆಗೆ ಊರಿನಲ್ಲಿರುವ ಮಿತ್ರರು ಮನೆಯ ಬೀಜದಲ್ಲಿ ನೂರು ಕಾಳನ್ನು ಎಣಿಸಿ ಒದ್ದೆ ಗೋಣಿಯಲ್ಲಿಟ್ಟು ನೋಡಲಿ. ಎಷ್ಟು ಮೊಳೆತವೆಂದು ತಂದೆತಾಯಿಗಳಿಗೆ ಹೇಳಲಿ. ಓದಿನಿಂದ ಏನು ಉಪಯೋಗವೆಂಬ ಪ್ರಶ್ನೆಗೆ ಆ ದಿನದ ಮಟ್ಟಿಗೆ ಅಷ್ಟು ಉತ್ತರ ಸಾಕು.